ಉಪ್ಪ ಓದಿದ ವೆಲ್ಲೂರು

ಅಕ್ಕನ ಮಗನಿಗೆ ಹೊರದೇಶದಲ್ಲಿ ಓದುವ ಆಸೆ. ಪಿಯುಸಿ ಮುಗಿಸಿ ಹೊಸೂರಿಗೆ, ನನ್ನ ರೂಮಿಗೆ ಬಂದವನು ಮೊಬೈಲಿನಲ್ಲಿ ಒಂದೊಂದೇ ಕಾಲೇಜು ತೆರೆದು ತೋರಿಸಿದ. "ಮಾಮ, ಇದಕ್ಕೆ ನಾಲ್ಕೂವರೆ ಸ್ಟಾರ್. ಫಾರಿನ್ ಸ್ಟೂಡೆಂಟ್ಸ್ ಎಲ್ಲಾ ಖುಷಿಯಲ್ಲಿದ್ದಾರಂತೆ." ಸ್ಟಾರ್ ಕೊಟ್ಟವರು ಯಾರು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಹೊಸೂರಿನಿಂದ ಕೃಷ್ಣಗಿರಿ ದಾಟಿ, ವಾಣಿಯಂಬಾಡಿ, ಆಂಬೂರು ಹಾದು ಹೋದರೆ ವೆಲ್ಲೂರು. ಈಗ ವೆಲ್ಲೂರು ಎಂದರೆ ಎಲ್ಲರಿಗೂ ಸಿಎಂಸಿ ಆಸ್ಪತ್ರೆ. ನಮ್ಮ ಅಜ್ಜಂದಿರ ಕಾಲದ ಬ್ಯಾರಿಗಳಿಗೆ ಅದು ಓದಿನ ಊರು. 19ನೇ ಶತಮಾನದಲ್ಲಿ ಶಾಹ್ ಅಬ್ದುಲ್ ವಹ್ಹಾಬ್ ಹಜ್ರತ್ ಅಲ್ಲಿ ಕಟ್ಟಿದ ಬಾಖಿಯಾತುಸ್ಸಾಲಿಹಾತ್ ಅರಬಿಕ್ ಕಾಲೇಜಿಗೆ ನಮ್ಮ ಕರಾವಳಿಯಿಂದ, ಮಲಬಾರಿನಿಂದ ಮಾತ್ರವಲ್ಲ, ಸಿಲೋನಿನಿಂದ, ಮಲಯದಿಂದಲೂ ಹುಡುಗರು ಬರುತ್ತಿದ್ದರು. ಅಲ್ಲಿ ಸನದು ಪಡೆದವರು ಹೆಸರಿನ ಕೊನೆಗೆ 'ಬಾಖವಿ' ಎಂದು ಸೇರಿಸಿಕೊಳ್ಳುತ್ತಾರೆ. ನಮ್ಮ ಪಳ್ಳಿಯ ಉಸ್ತಾದರ ಹೆಸರಿನಲ್ಲೂ ಅದಿತ್ತು. ಚಿಕ್ಕಂದಿನಲ್ಲಿ ಅದು ಅವರ ಮನೆತನದ ಹೆಸರು ಎಂದುಕೊಂಡಿದ್ದೆ. ಒಮ್ಮೆ ಉಪ್ಪನ ಅಂಗಡಿಯಲ್ಲಿ ಕೇಳಿಯೇಬಿಟ್ಟೆ. ಅವರು ನಕ್ಕು, "ಅದು ನಾನು ಓದಿದ ಕಾಲೇಜು, ಮೋನೆ" ಎಂದರು. (ನಾನು ಡಿಪ್ಲೊಮಾ ಮಾಡಿದ ಕಾಲೇಜಿನ ಹೆಸರನ್ನು ಬಯೋಡೇಟಾ ಬಿಟ್ಟು ಬೇರೆಲ್ಲೂ ಬರೆದವನಲ್ಲ.)

ಆಗ ಯಾರು ಎಲ್ಲಿಯವರು ಎಂಬ ಲೆಕ್ಕವೇ ಬೇರೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೇ ಸೇರಿತ್ತು, ವೆಲ್ಲೂರೂ ಹಾಗೆಯೇ. ಮಂಗಳೂರಿಗೆ 1907ರಲ್ಲಿ ರೈಲು ಬಂದಿತ್ತು. ಮದ್ರಾಸಿನ ರೈಲು ಹತ್ತಿ ಪಾಲಕ್ಕಾಡು, ಸೇಲಂ, ಜೋಲಾರಪೇಟೆ ದಾಟಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು ಪಕ್ಕದಲ್ಲೇ. ಸಿಲೋನಿನಿಂದ ಬರುವವರಿಗೆ ತಲೈಮನ್ನಾರಿನಿಂದ ಧನುಷ್ಕೋಟಿಗೆ ಹಡಗು, ಅಲ್ಲಿಂದ ರೈಲು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ನುಂಗಿತು. ಪೆನಾಂಗಿನಿಂದ ನಾಗಪಟ್ಟಣಕ್ಕೂ ಮದ್ರಾಸಿಗೂ 'ರಜುಲಾ' ಎಂಬ ಹಡಗು ಬರುತ್ತಿತ್ತು, 1973ರವರೆಗೆ.

ಉಪ್ಪ ಹೋದದ್ದು ಅರುವತ್ತರ ದಶಕದ ಕೊನೆಗೆ. ಊರಿನ ದರ್ಸಿನಲ್ಲಿ ಓದುತ್ತಿದ್ದ ಹುಡುಗನನ್ನು ಅಲ್ಲಿನ ಬಾಖವಿ ಉಸ್ತಾದರು ತಾವೇ ಕಾಗದ ಬರೆದುಕೊಟ್ಟು ಕಳಿಸಿದರು. ಉಪ್ಪನ ಕೋಣೆಯಲ್ಲಿ ಸಿಲೋನಿನವನೊಬ್ಬನಿದ್ದನಂತೆ. ಅವನ ಮನೆಮಾತು ತಮಿಳು, ಪೇಟೆಗೆ ಹೋದರೆ ಚೌಕಾಸಿ ಮಾಡುವವನೇ ಅವನು. ನಮ್ಮ ಉಪ್ಪನಿಗೆ ಬ್ಯಾರಿ, ತುಳು, ಒಂದಿಷ್ಟು ಕನ್ನಡ. "ಪಾಸ್‌ಪೋರ್ಟ್ ಅವನದ್ದು, ಪರದೇಶಿ ನಾನು" ಎಂದು ಉಪ್ಪ ಈಗಲೂ ನಗುತ್ತಾರೆ. ಫಿಕ್‌ಹ್‌ನಲ್ಲಿ ಮಾತ್ರ ಇಬ್ಬರೂ ಒಂದೇ, ಶಾಫಿ ಮದ್‌ಹಬ್. ಬ್ಯಾರಿ, ಮಾಪಿಳ್ಳೆ, ಸಿಲೋನು, ಮಲಯದವರೆಲ್ಲ ಅದೇ. ಅಷ್ಟು ದೂರದವರು ಒಂದೇ ಕಡೆ ಬಂದು ಕೂತದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಅಂದಾಜು.

ಎರಡೇ ವರ್ಷ. ಅಜ್ಜ ಹಾಸಿಗೆ ಹಿಡಿದರೆಂದು ತಂತಿ ಬಂತು, ಉಪ್ಪ ಊರಿಗೆ ಬಂದವರು ಅಂಗಡಿಯಲ್ಲಿ ಕೂತರು. ಸನದೂ ಇಲ್ಲ, ಬಾಖವಿಯೂ ಇಲ್ಲ.

ಓದಿ ಮುಗಿಸಿದವರ ಸಮಾಧಾನ ಹುಡುಕಲು ಕಷ್ಟವಿಲ್ಲ. ಇ.ಕೆ. ಅಬೂಬಕರ್ ಮುಸ್ಲಿಯಾರ್ ವೆಲ್ಲೂರಿನಲ್ಲಿ ಓದಿ ಅಲ್ಲೇ ಪಾಠವನ್ನೂ ಹೇಳಿದವರು. ದಶಕಗಳ ಕಾಲ ಉಳ್ಳಾಲದ ಖಾಝಿಯಾಗಿದ್ದು 2014ರಲ್ಲಿ ತೀರಿಕೊಂಡ ತಾಜುಲ್ ಉಲಮಾ ತಂಙಳ್ ಕೂಡ ಅಲ್ಲಿ ಕಲಿತವರು. ಹೆಸರು ತಿಳಿಯದ ನೂರಾರು ಬಾಖವಿಗಳು ಊರೂರಲ್ಲಿ ದರ್ಸ್ ನಡೆಸಿ, ಚುರುಕಾದ ಹುಡುಗರನ್ನು ಅದೇ ರೈಲು ಹತ್ತಿಸಿದರು. ತನಗೆ ಹಿಡಿಸದ ಕಡೆಗೆ ಯಾರೂ ಶಿಷ್ಯನನ್ನು ಕಳಿಸುವುದಿಲ್ಲ. ಆದರೆ ಅರ್ಧಕ್ಕೆ ಮರಳಿದವರು ಯಾವ ಪಟ್ಟಿಯಲ್ಲೂ ಇಲ್ಲ. ಅವರಿಗೆ ಹಿಡಿಸಿತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಮುಂದೆ ಪಟ್ಟಿಕ್ಕಾಡಿನಲ್ಲಿ ಜಾಮಿಯಾ ನೂರಿಯಾ, ಕಾಸರಗೋಡಿನ ದೇಳಿಯಲ್ಲಿ ಸಅದಿಯಾ ಎದ್ದವು. ಫೈಝಿ, ಸಅದಿಗಳು ಹೆಚ್ಚಿದರು, ವೆಲ್ಲೂರಿನ ರೈಲಿನಲ್ಲಿ ನಮ್ಮವರು ಕಡಿಮೆಯಾದರು. ದಿಕ್ಕುಗಳೂ ತಿರುಗಿದವು. 1997ರಲ್ಲಿ ಆರಂಭವಾದ ಮೆಲಕಾ ಮಣಿಪಾಲ ಮೆಡಿಕಲ್ ಕಾಲೇಜಿಗೆಂದು ಮಲೇಷ್ಯಾದ ಮಕ್ಕಳು ನಮ್ಮ ಕರಾವಳಿಗೇ ಬಂದು, ಅರ್ಧ ಓದು ಮಣಿಪಾಲದಲ್ಲಿ ಮುಗಿಸಿ, ಉಳಿದರ್ಧಕ್ಕೆ ತಮ್ಮ ದೇಶಕ್ಕೆ ಮರಳಿದರು.

ಅಳಿಯನ ಮುಂದೆಯೇ ಉಪ್ಪನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಕೇಳಿದೆ. ವೆಲ್ಲೂರಿಗೆ ಹೋದದ್ದು ಸರಿಯಾಯಿತು ಅನ್ನಿಸುತ್ತದಾ? ಸ್ವಲ್ಪ ಹೊತ್ತು ಅತ್ತಲಿಂದ ಮಾತೇ ಇಲ್ಲ. "ಓದು ಮುಗಿಯಲಿಲ್ಲ ಅಂತ ಬೇಜಾರು ಉಂಟು. ಹೋದದ್ದಕ್ಕೆ ಒಂದು ದಿನವೂ ಇಲ್ಲ" ಎಂದರು. ಆಮೇಲೆ ಮೊಮ್ಮಗನಿಗೆ, "ನೀನು ನೋಡಿದ ಕಾಲೇಜಿನಲ್ಲಿ ಓದಿ ಬಂದವರು ನಮ್ಮ ಕಡೆ ಯಾರಾದರೂ ಇದ್ದಾರಾ? ಅರ್ಧಕ್ಕೆ ಬಿಟ್ಟು ಬಂದವರಾದರೂ ಆಗಬಹುದು. ನಂಬರ್ ಕೊಡು, ನಾನೇ ಮಾತಾಡುತ್ತೇನೆ."

ಅವನು ಇನ್ನೂ ಹುಡುಕುತ್ತಿದ್ದಾನೆ.