ಗೋಡೆ ಬರಹದ ಕೂಲಿ

ಬೀದರ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1955ರ ಏಪ್ರಿಲ್ 1ರಂದು, ಒಂದು ಕಾಯಿದೆ ಜಾರಿಗೆ ಬಂದಿತು. ಅದು 1954ರಲ್ಲಿ ಸಂಸತ್ತು ಅಂಗೀಕರಿಸಿದ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ. ಇದರಲ್ಲಿ ಜಾಹೀರಾತು ಎಂದರೆ ನೋಟೀಸು, ಕರಪತ್ರ, ಲೇಬಲ್ಲು ಮಾತ್ರವಲ್ಲ. ಬಾಯಿಮಾತಿನ ಘೋಷಣೆಯೂ, ಬೆಳಕು, ಧ್ವನಿ, ಕೊನೆಗೆ ಹೊಗೆಯಿಂದ ಸಾರಿದ್ದೂ ಜಾಹೀರಾತೇ. (ಹೊಗೆಯಿಂದ ಯಾರು ಸಾರುತ್ತಿದ್ದರೋ!) ಅಂಥದರ ಪ್ರಕಟಣೆಯಲ್ಲಿ ಯಾವ ವ್ಯಕ್ತಿಯೂ ಪಾಲ್ಗೊಳ್ಳಬಾರದು ಎಂಬುದು ಅದರ ವಿಧಿ. ಮೊದಲ ಸಲ ಅಪರಾಧ ಸಿದ್ಧವಾದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಅಥವಾ ಎರಡೂ.

1959ರ ಡಿಸೆಂಬರಿನಲ್ಲಿ ಹಮ್ದರ್ದ್ ದವಾಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂತಹ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಸಲ್ಲದೆಂದು ಹೇಳಿತು. ಆದರೆ ರೋಗಗಳ ಪಟ್ಟಿಯನ್ನು ಸರಕಾರವು ನಿಯಮಗಳ ಮೂಲಕ ಬೆಳೆಸುತ್ತ ಹೋಗುವ ಅಧಿಕಾರವನ್ನೂ ಜಪ್ತಿಯ ಕಲಮನ್ನೂ ರದ್ದುಪಡಿಸಿತು. 1963ರ ತಿದ್ದುಪಡಿಯು 54 ರೋಗಗಳ ಪಟ್ಟಿಯನ್ನು ಕಾಯಿದೆಗೇ ಸೇರಿಸಿತು. ಮಧುಮೇಹ ಅದರಲ್ಲಿದೆ.

ಇದನ್ನೆಲ್ಲ ನಾನು ಓದಿದ್ದು ಬಹಳ ತಡವಾಗಿ. 1979ರಲ್ಲಿ, ಶಿಕ್ಷಕನಾಗುವ ಮುನ್ನ, ಬೀದರದ ಒಂದು ಜಾಹೀರಾತು ಅಂಗಡಿಯಲ್ಲಿ ಕೆಲವು ತಿಂಗಳು ಕೆಲಸಕ್ಕಿದ್ದೆ. ಗೋಡೆಯ ಮೇಲೆ ಬರೆಯಬೇಕಾದ ಸಾಲುಗಳನ್ನು ಕನ್ನಡ, ಮರಾಠಿಗಳಲ್ಲಿ ಸಿದ್ಧಪಡಿಸುವುದು, ಜೀಪಿನಲ್ಲಿ ಭೋಂಗಾ ಕಟ್ಟಿಕೊಂಡು ಭಾಲ್ಕಿ, ಔರಾದಗಳ ಸಂತೆಗಳಲ್ಲಿ ಸಾರುವುದು ನನ್ನ ಕೆಲಸ. ಬರೆಯುವವರು ಒಬ್ಬ ಹಿರಿಯ ಪೇಂಟರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಉರ್ದು, ಕನ್ನಡ, ಮರಾಠಿ ಮೂರೂ ಅಕ್ಷರ ಅವರ ಕೈಯಲ್ಲಿ ಸಲೀಸು.

ಇಪ್ಪತ್ತೊಂದು ದಿನದಲ್ಲಿ ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವುದೆಂಬ ಒಂದು ಪುಡಿಯ ಕೆಲಸ ಬಂತು. ಚಾಚಾರ ಪತ್ನಿಗೆ ಆ ಕಾಯಿಲೆಯಿತ್ತು. ಕಾಲಿನ ಗಾಯ ಮಾಯದೆ ನರಳುತ್ತಿದ್ದರು. “ಸೇಠ್‌ಜೀ, ಇದು ನಾ ಬರಿಯಲ್ರಿ” ಎಂದರು ಚಾಚಾ. “ಬರೆಯೂದು ನಿನ್ನ ಕೆಲಸ, ವಾಸಿ ಮಾಡೂದು ಔಷಧದವರ ಕೆಲಸ” ಎಂದ ಮಾಲೀಕ. ಹದಿನೈದು ದಿನದ ಪಗಾರ ಹಿಡಿದುಕೊಂಡು ಅವರನ್ನು ಬಿಡಿಸಿದ. ಭೋಂಗಾದಲ್ಲಿ ಆ ಸಾಲು ಓದಲು ನಾನೂ ಒಪ್ಪದೆ ಹೊರಬಿದ್ದೆ. ಆದರೆ ನಮ್ಮ ಮನೆಯಲ್ಲಿ ಹೊಲವಿತ್ತು, ಜೋಳವಿತ್ತು. ಚಾಚಾರಿಗೆ ನಾಲ್ಕು ಮಕ್ಕಳಿದ್ದರು. ಎರಡೂ ನಿರಾಕರಣೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಭಾಲ್ಕಿ ರಸ್ತೆಯ ಗೋಡೆಯ ಮೇಲೆ ಬೇರೊಬ್ಬನ ಕೈಬರಹದಲ್ಲಿ ಆ ಸಾಲು ಎಷ್ಟೋ ಮಳೆಗಾಲಗಳನ್ನು ಕಂಡಿತು.

ಬೋರ್ಡು ಒಂದು ಹೇಳಿ, ಒಳಗೆ ಇನ್ನೊಂದು ಇದ್ದುದಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೊಂದು ಉದಾಹರಣೆ ಇದೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಹಾಗಾದರೆ ಪುಡಿಯ ಬೋರ್ಡಿಗೂ ಇದಕ್ಕೂ ವ್ಯತ್ಯಾಸವೇನು ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದ. ಅಲ್ಲಿ ಅಪಾಯವೆಲ್ಲ ಬೋರ್ಡು ಹಾಕಿದವರದು. ಇಲ್ಲಿ ಓದಿದವರದು ಎಂದಿದ್ದೆ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೂ ಅದನ್ನು ಅನುಮೋದಿಸುವ ತಾರೆಯರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಔಷಧ ಜಾಹೀರಾತುಗಳ ವಿಚಾರಣೆ ನಡೆದಾಗ 1954ರ ಆ ಕಾಯಿದೆಯ ಹೆಸರೂ ಮತ್ತೆ ಪತ್ರಿಕೆಗಳಲ್ಲಿ ಬಂದಿತು. ಆದರೆ “ನಾ ಬರಿಯಲ್ರಿ” ಎಂದ ಕೂಲಿಕಾರನ ಪಗಾರ ಕಾಯುವ ಮಾತು ಈ ಎರಡು ಕಾಯಿದೆಗಳಲ್ಲಿಯೂ ನನಗೆ ಕಾಣಲಿಲ್ಲ. 2014ರಲ್ಲಿ ಮಾಹಿತಿದಾರರ ರಕ್ಷಣೆಗೆಂದು ಮಾಡಿದ ಕಾಯಿದೆಯೂ ಸರಕಾರಿ ಅಧಿಕಾರದ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು, ಖಾಸಗಿ ಅಂಗಡಿಯ ಪೇಂಟರಿಗಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಬೆಂಗಳೂರು, ಹೈದರಾಬಾದುಗಳಲ್ಲಿ ಇದೇ ಉದ್ಯೋಗದಲ್ಲಿದ್ದೀರಿ. ಇಂತಹ ಸಾಲು ಮೇಜಿಗೆ ಬಂದಾಗ ನೀವು ಏನು ಮಾಡುತ್ತೀರಿ, ಬೇಡವೆಂದವರಿಗೆ ಏನಾಗುತ್ತದೆ ಎಂಬುದನ್ನು ಬಿಡುವಾದಾಗ ಬರೆದು ತಿಳಿಸಿರಿ.