ಬಾವಿಯ ಹಗ್ಗ, ಗಂಡಿಪೇಟೆಯ ನಳ

ಊರಿನಿಂದ ಬಂಧುಗಳು ಬಂದರೆ ನಾವು ಚಾರ್‌ಮಿನಾರ್, ಗೋಲ್ಕೊಂಡೆ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ತೋರಿಸಿ, ಇದೇ ಹೈದರಾಬಾದಿನ ಚರಿತ್ರೆ ಎನ್ನುತ್ತೇವೆ. ನಮ್ಮ ಬಚ್ಚಲುಮನೆಯ ನಳಕ್ಕೂ ಒಂದು ಚರಿತ್ರೆಯಿದೆ ಎಂಬುದು ನಮಗೆ ಹೊಳೆಯುವುದಿಲ್ಲ. ಆ ಚರಿತ್ರೆಯಲ್ಲಿ ಒಬ್ಬ ಕನ್ನಡಿಗ ಇಂಜಿನಿಯರರ ಹೆಸರಿದೆ. ಹೆಸರು ಉಳಿಯದ ಸಾವಿರಾರು ಗೃಹಿಣಿಯರ ದಿನಚರಿಯೂ ಇದೆ. ಮೊದಲನೆಯದನ್ನು ಗ್ರಂಥಗಳು ಬರೆದಿಟ್ಟಿವೆ. ಎರಡನೆಯದನ್ನು ಇಲ್ಲಿ ಸ್ವಲ್ಪ ನೆನೆದುಕೊಳ್ಳೋಣ.

ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ಆದದ್ದು 1874ರಲ್ಲಿ. ಕಲಬುರಗಿ, ರಾಯಚೂರು, ಬೀದರ್ ಸೀಮೆಗಳು ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದವು. ನೌಕರಿ, ವ್ಯಾಪಾರ, ವಿದ್ಯಾಭ್ಯಾಸಗಳಿಗೆಂದು ಕನ್ನಡಿಗರು ರಾಜಧಾನಿಗೆ ಬಂದು ನೆಲೆಸುವುದು ಸಹಜವಾಗಿತ್ತು. ಗಂಡಸರು ಕಚೇರಿಗೆ ಬಂದರು. ಅವರ ಹಿಂದೆ ಹೆಂಗಸರು ಬೀಸುಕಲ್ಲು, ಒರಳು, ಹಂಡೆಗಳ ಸಂಸಾರ ಕಟ್ಟಿಕೊಂಡು ಬಂದರು.

ಆ ಕಾಲದ ಗೃಹಿಣಿಯ ದಿನ ಶುರುವಾಗುತ್ತಿದ್ದುದು ಬಾವಿಯ ಗಡಗಡೆಯ ಸದ್ದಿನಿಂದ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಆರು ಜನರ ಮನೆಗೆ ಸ್ನಾನ, ಅಡಿಗೆ, ಪಾತ್ರೆ, ಬಟ್ಟೆ ಎಲ್ಲ ಸೇರಿ ಇಪ್ಪತ್ತು ಕೊಡ ನೀರು ಬೇಕೆಂದು ಹಿಡಿಯೋಣ. ಕೊಡಕ್ಕೆ 15 ಲೀಟರಾದರೆ 300 ಲೀಟರು, ಅಂದರೆ 300 ಕಿಲೋ ಭಾರ. ನೀರು 30 ಅಡಿ ಆಳದಲ್ಲಿದ್ದರೆ ದಿನಕ್ಕೆ 600 ಅಡಿ ಹಗ್ಗ ಸೇದಬೇಕು. ವರ್ಷಕ್ಕೆ ಲೆಕ್ಕ ಹಾಕಿದರೆ ನಲವತ್ತು ಮೈಲಿಗೂ ಹೆಚ್ಚಾಯಿತು. ಇಷ್ಟಾದ ಮೇಲೆ ಜೋಳ ಬೀಸುವುದು, ಒಲೆ ಊದುವುದು, ರೊಟ್ಟಿ ಬಡಿಯುವುದು ಇದ್ದೇ ಇತ್ತು.

ನೀರು ಹೊರುವ ಭಿಸ್ತಿಗಳು ಊರಿನಲ್ಲಿದ್ದರು ನಿಜ. ಆದರೆ ಅವರದು ತೊಗಲಿನ ಚೀಲ. ಮಡಿಯ ಮನೆಗಳಲ್ಲಿ ಆ ನೀರು ಅಂಗಳ ದಾಟಿ ಒಳಗೆ ಬರುವಂತಿರಲಿಲ್ಲ. ಆದ್ದರಿಂದ ಒದ್ದೆ ಸೀರೆಯಲ್ಲಿ ಮಡಿನೀರು ಸೇದುವ ಕೆಲಸ ಮನೆಯ ಸೊಸೆಯ ಪಾಲಿಗೇ ಬರುತ್ತಿತ್ತು. ಇನ್ನು ಬಾವಿಯ ಹಗ್ಗ ಮುಟ್ಟುವ ಹಕ್ಕೇ ಇಲ್ಲವೆಂದು ದೂರ ನಿಲ್ಲಿಸಲ್ಪಟ್ಟ ಹೆಂಗಸರು, ಯಾರಾದರೂ ಸೇದಿ ತಮ್ಮ ಕೊಡಕ್ಕೆ ಸುರಿಯುವವರೆಗೆ ಕಾದು ನಿಲ್ಲುತ್ತಿದ್ದರು. ಅವರ ದಿನಚರಿಯಲ್ಲಿ ಕಾಯುವುದೂ ಒಂದು ಕೆಲಸವೇ ಆಗಿತ್ತು ಎಂಬುದನ್ನು ಮರೆಯಬಾರದು.

ಇಂಥ ಊರಿನ ಮೇಲೆ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬಂತು. ಸಾವಿರಾರು ಜನ ಸತ್ತರು. ಸುಮಾರು 19,000 ಮನೆಗಳು ಬಿದ್ದುಹೋದವು. ಅಫ್ಜಲ್‌ಗಂಜಿನ ಒಂದು ಹುಣಿಸೆಮರವನ್ನು ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಆಗಿನ ನಿಜಾಮರಾದ ಮೆಹಬೂಬ್ ಅಲಿ ಖಾನರು ನದಿಗೆ ಆರತಿಯೆತ್ತಿ ಸೀರೆ ಅರ್ಪಿಸಿ ಶಾಂತಳಾಗೆಂದು ಬೇಡಿಕೊಂಡರೆಂದು ಜನ ಹೇಳುವ ಕಥೆಯುಂಟು.

ಪ್ರಾರ್ಥನೆಯ ಜೊತೆಗೆ ಸರ್ಕಾರ ಇನ್ನೊಂದು ಕೆಲಸವನ್ನೂ ಮಾಡಿತು. ಮುಂಬಯಿ ಸರ್ಕಾರದ ನೌಕರಿಯಿಂದ ಬಿಡುವು ಪಡೆದು ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಕರೆ ಕಳಿಸಿತು. ಅವರು 1909ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದರು. ನದಿಯ ಮೇಲ್ಭಾಗದ 788 ಕೆರೆಗಳಲ್ಲಿ 221 ಒಡೆದಿದ್ದವೆಂಬುದು ವಿಚಾರಣೆಯಿಂದ ತಿಳಿದುಬಂತು. ಪ್ರವಾಹದ ನೀರನ್ನು ಊರಿಗೆ ಬರುವ ಮೊದಲೇ ತಡೆದು ನಿಲ್ಲಿಸಿ, ನಿಧಾನವಾಗಿ ಬಿಡಬೇಕು. ಅದಕ್ಕೆ ಮೂಸಿ ಮತ್ತು ಅದರ ಉಪನದಿ ಈಸಿಗೆ ಒಂದೊಂದು ಜಲಾಶಯ ಕಟ್ಟಬೇಕು ಎಂದು ಅವರು ಸಲಹೆ ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾಗಿ ಹೊರಟುಹೋದರು. ಮುಂದೆ ಕನ್ನಂಬಾಡಿಯ ಕಥೆ ನಮಗೆಲ್ಲ ಗೊತ್ತು. ಅವರ ಸಲಹೆಯಂತೆ ಗಂಡಿಪೇಟೆಯಲ್ಲಿ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಮುಗಿದವು.

ಪ್ರವಾಹ ತಡೆಯಲೆಂದು ಯೋಚಿಸಿದ ಕಟ್ಟೆಯೇ ಊರಿನ ಬಾಯಾರಿಕೆಯನ್ನೂ ನೀಗಿಸಿತು. ಅದಕ್ಕೆ ಮುಂಚೆ ಹುಸೇನ್ ಸಾಗರ, ಮೀರ್ ಆಲಂ ಕೆರೆಗಳ ನೀರು ಕೆಲವು ಭಾಗಗಳಿಗೆ ಮಾತ್ರ ಒದಗುತ್ತಿತ್ತು. ಗಂಡಿಪೇಟೆ ಊರಿಗಿಂತ ಎತ್ತರದಲ್ಲಿರುವುದರಿಂದ ನೀರು ತಾನಾಗಿಯೇ ಇಳಿದು ಆಸಿಫ್‌ನಗರದಲ್ಲಿ ಶೋಧನೆಗೊಂಡು ಬೀದಿಬೀದಿಗೆ ಹರಿಯಿತು. ಗಂಡಿಪೇಟೆಯ ನೀರು ಕುಡಿದವರು ಈ ಊರು ಬಿಟ್ಟು ಹೋಗಲಾರರೆಂಬ ಮಾತು ಹುಟ್ಟಿತು. ನಮ್ಮನ್ನೇ ನೋಡಿಕೊಂಡರೆ ಆ ಮಾತು ಸುಳ್ಳಲ್ಲ!

ಹೊಸದನ್ನು ಎಲ್ಲರೂ ಒಮ್ಮೆಲೇ ಒಪ್ಪಲಿಲ್ಲ. ನಳದೊಳಗೆ ಚರ್ಮದ ವಾಷರು ಇರುತ್ತದೆ, ದೇವರಿಗೆ ಆ ನೀರು ಸಲ್ಲದು ಎನ್ನುವ ಅತ್ತೆಯರಿದ್ದರು. ನಳ ಬಂದ ಮೇಲೂ ದೇವರ ನೀರಿಗೆ ಬಾವಿಯೇ ಆಯಿತು, ಮಿಕ್ಕದ್ದಕ್ಕೆ ನಳವಾಯಿತು. ಅಂತೂ ಇಪ್ಪತ್ತು ಕೊಡದಲ್ಲಿ ಹದಿನೆಂಟು ಕೊಡದ ಹಗ್ಗ ಸೊಸೆಯ ಕೈಬಿಟ್ಟಿತು.

ಹೀಗೆ ಉಳಿದ ಹೊತ್ತು ಎಲ್ಲಿ ಹೋಯಿತು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠಗಳೂ ಉರ್ದುವಿನಲ್ಲೇ. ಯಜಮಾನರು ಹಗಲೆಲ್ಲ ಉರ್ದು ಬರೆದು ಬರುತ್ತಿದ್ದರು; ಬೀದಿಯಲ್ಲಿ ತೆಲುಗು ನಡೆಯುತ್ತಿತ್ತು. ಕನ್ನಡಕ್ಕೆ ಉಳಿದ ಜಾಗವೆಂದರೆ ಅಡಿಗೆಮನೆ. ರೊಟ್ಟಿ ಬಡಿಯುತ್ತ ಮಗುವಿನ ಕೈಗೆ ಪಾಟಿ ಕೊಟ್ಟು ಕಾಗುಣಿತ ಹೇಳಿಸಿದವಳು ತಾಯಿ. ತನಗೇ ಅಕ್ಷರ ಬಾರದಿದ್ದವಳು ಹಾಡು ಕೊಟ್ಟಳು, ಗಾದೆ ಕೊಟ್ಟಳು, ಬೈಗುಳವನ್ನೂ ಕನ್ನಡದಲ್ಲೇ ಕೊಟ್ಟಳು. ಕಾಚಿಗುಡದ ನೃಪತುಂಗ ಶಾಲೆಗೆ ಹೋದ ಮಕ್ಕಳು ಶಾಲೆಗೆ ಹೋಗುವ ಮೊದಲೇ ಕನ್ನಡದವರಾಗಿದ್ದುದು ಹೀಗೆ. ಅವಳಿಗೆ ಉಳಿದ ಹೊತ್ತೆಲ್ಲ ವಿಶ್ರಾಂತಿಗೆ ಸಿಗಲಿಲ್ಲ. ಅದರಲ್ಲಿ ಒಂದು ಪಾಲು ನಮ್ಮ ನಾಲಗೆಗೆ ಸಂದಿತು.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಕಲಬುರಗಿ, ಬೀದರ್, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಇಲ್ಲಿನ ಕನ್ನಡ ಗೃಹಿಣಿ ಒಲೆಯನ್ನು ಒಂದಿಂಚು ಸರಿಸದೆಯೇ ಪರರಾಜ್ಯದವಳಾದಳು. ಮೈಸೂರು ಕಡೆಯಿಂದ ವರ್ಗವಾಗಿ ಬಂದವರೂ ಹೆಚ್ಚಿದರು. ಅವರು ನಲ್ಲಿ ಎಂದರೆ ಕಲಬುರಗಿಯವರು ನಳ ಎನ್ನುವರು, ಊರಿನವರು ನಲ್ಲಾ ಎನ್ನುವರು. ಸಾಲಿನಲ್ಲಿ ಕೊಡ ಇಟ್ಟಾಗ ಎಲ್ಲರಿಗೂ ಅರ್ಥವಾಗುತ್ತಿತ್ತು.

ಊರು ಬೆಳೆದಂತೆ ಗಂಡಿಪೇಟೆ ಸಾಲದಾಯಿತು. 1965ರಲ್ಲಿ ಮಂಜೀರಾ ನದಿಯ ನೀರು ಬಂತು. ಈ ನದಿ ಬೀದರ್ ಜಿಲ್ಲೆಯನ್ನು ಹಾದು ಇತ್ತ ಬರುತ್ತದೆ. 2004ರಲ್ಲಿ ಬಂದ ಕೃಷ್ಣೆಯೂ ಆಲಮಟ್ಟಿ, ನಾರಾಯಣಪುರಗಳನ್ನು ಕಂಡವಳೇ. ಇಲ್ಲಿಗೆ ಕೊಟ್ಟ ಹೆಣ್ಣುಮಕ್ಕಳನ್ನು ನೋಡಲು ತವರಿನ ನೀರೇ ನಳದಲ್ಲಿ ಬಂದಂತಾಯಿತು. ಆದರೆ ಅನೇಕ ಬಡಾವಣೆಗಳಲ್ಲಿ ನೀರು ದಿನ ಬಿಟ್ಟು ದಿನ ಬರತೊಡಗಿತು. ಹಿಂದೆ ಬಾವಿ ಯಾವಾಗ ಹೋದರೂ ನೀರು ಕೊಡುತ್ತಿತ್ತು. ಈಗ ನಳದ ಹೊತ್ತಿಗೆ ಗೃಹಿಣಿ ಏಳಬೇಕು. ನಸುಕಿನ ನಾಲ್ಕಕ್ಕೆ ನೀರು ಬಂದರೆ ಅವಳ ದಿನವೂ ನಾಲ್ಕಕ್ಕೇ ಶುರು. ತೋಳಿನ ಶ್ರಮ ಕಡಿಮೆಯಾಯಿತು, ಆದರೆ ಗಡಿಯಾರ ಅವಳ ಕೈತಪ್ಪಿತು.

ಇಂದು ಮಿಕ್ಸಿ, ಗ್ಯಾಸು, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಬಂದಿವೆ. ಆದರೂ ಭಾರತ ಸರ್ಕಾರದ ಸಮಯ ಬಳಕೆಯ ಸಮೀಕ್ಷೆ ಏನು ಹೇಳುತ್ತದೆ ನೋಡಿ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಅದೇ ಕೆಲಸ ಮಾಡಿದ ಗಂಡಸರು ಕೊಟ್ಟದ್ದು 97. 2024ರಲ್ಲಿ ಅದು 289 ಮತ್ತು 88. ಐದು ವರ್ಷಗಳಲ್ಲಿ ಇಬ್ಬರ ನಡುವಿನ ಅಂತರ 202 ನಿಮಿಷದಿಂದ 201ಕ್ಕೆ ಇಳಿಯಿತು! ಮೂಸಿಯ ಪ್ರವಾಹಕ್ಕೆ ವಿಶ್ವೇಶ್ವರಯ್ಯನವರು ಉಪಾಯ ಹೇಳಿದರು. ಈ ಅಂತರಕ್ಕೆ ಯಾವ ಇಂಜಿನಿಯರರೂ ಕಟ್ಟೆ ಕಟ್ಟಲಾರರು. ಮನೆಯವರೇ ಎದ್ದು ಒಂದು ಕೊಡ ಹಿಡಿಯಬೇಕು.

ನಮ್ಮ ಸದಸ್ಯರ ಮನೆಗಳಲ್ಲಿ ಎಂಬತ್ತು, ತೊಂಬತ್ತು ದಾಟಿದ ಅಜ್ಜಿಯರು ಇನ್ನೂ ಇದ್ದಾರೆ. ಯಾವ ಗಲ್ಲಿಯ ಬಾವಿ, ಎಷ್ಟು ಕೊಡ, ಮನೆಗೆ ನಳ ಬಂದ ವರ್ಷ ಯಾವುದು, ಆ ದಿನ ಏನು ಸಿಹಿ ಮಾಡಿದ್ದರು ಎಂದು ಅವರನ್ನು ಕೇಳಿ ಬರೆದಿಡೋಣ. ಕೇಳಲು ಕೂತಾಗ ಅಂದಿನ ಪಾತ್ರೆಗಳನ್ನು ನಾವೇ ತೊಳೆದಿಟ್ಟು ಕೂತರೆ ಅವರಿಗೂ ಮಾತಾಡಲು ಬಿಡುವು ಸಿಕ್ಕೀತು.