ಹಲ್ಲು ನೋಡಿ ವಯಸ್ಸು

ಎತ್ತು ಕೊಳ್ಳಲು ಜಾತ್ರೆಗೆ ಹೋದವರು ಮೊದಲು ಮಾಡುವ ಕೆಲಸ ಅದರ ತುಟಿ ಬಿಡಿಸಿ ನೋಡುವುದು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ? ಮಾರುವವನು ಏನೇ ಆಣೆ ಹಾಕಲಿ, ಹಲ್ಲು ಹೇಳಿದ್ದೇ ಲೆಕ್ಕ. ಮನುಷ್ಯರ ಮಕ್ಕಳ ವಯಸ್ಸನ್ನೂ ಹೀಗೆಯೇ ಅಳೆದ ಕಾಲವಿತ್ತು ಎಂದರೆ ಕೆಲವರಿಗೆ ಮುಜುಗರವಾದೀತು. ಆದರೆ ಹುಟ್ಟಿದ ದಿನವನ್ನು ಬರೆದಿಡುವ ಅಭ್ಯಾಸವಿಲ್ಲದ ಕಡೆ ಹಲ್ಲಿಗಿಂತ ನಂಬಿಕೆಯ ಪಂಚಾಂಗ ಹೆಚ್ಚಿಗೆ ಇರಲಿಲ್ಲ.

ಬೆಳಗೋಡಿನ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಮಗುವಿನ ವಯಸ್ಸು ಕೇಳಿದರೆ ಹಿಂದಿನವರು ಇಸವಿ ಹೇಳುತ್ತಿರಲಿಲ್ಲ. "ಮುಂದಿನ ಹಲ್ಲು ಬಿದ್ದು ಎರಡು ಸುಗ್ಗಿ ಆಯ್ತಲ್ಲ" ಎನ್ನುತ್ತಿದ್ದರು. ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುವುದು ಪದ್ಧತಿ. ನಮ್ಮ ಕಡೆಯ ಮಳೆ ನೋಡಿದರೆ, ಎಸೆದ ಹಲ್ಲುಗಳೆಲ್ಲ ಆಷಾಢದ ಹೊತ್ತಿಗೆ ಅಂಗಳಕ್ಕೇ ವಾಪಸು ಬರುತ್ತಿದ್ದವೆಂದು ನನ್ನ ಗುಮಾನಿ.

ಹಾಲುಹಲ್ಲು ಒಟ್ಟು ಇಪ್ಪತ್ತು. ಆರರ ಸುಮಾರಿಗೆ ಕೆಳದವಡೆಯ ಮುಂದಿನೆರಡು ಅಲುಗಾಡತೊಡಗುತ್ತವೆ. ಹನ್ನೆರಡರ ಹೊತ್ತಿಗೆ ಬಹುಮಟ್ಟಿಗೆ ಎಲ್ಲ ಬಿದ್ದು ಮುಗಿದಿರುತ್ತದೆ. ಹೆಣ್ಣುಮಕ್ಕಳದು ಸ್ವಲ್ಪ ಮುಂಚೆ. ಹಲ್ಲು ಸುಮ್ಮನೆ ಸಡಿಲವಾಗುವುದಲ್ಲ. ಕೆಳಗಿನಿಂದ ಹೊಸದು ಮೇಲೇರಿದ ಹಾಗೆ ಹಳೆಯದರ ಬೇರು ಕರಗುತ್ತಾ ಬರುತ್ತದೆ. ಕೈಗೆ ಬಂದ ಹಾಲುಹಲ್ಲಿಗೆ ಬೇರೇ ಕಾಣದಿರುವುದು ಅದಕ್ಕೇ. ಇದೇ ಆರರ ಸುಮಾರಿಗೆ ಬಾಯಿಯ ಹಿಂಬದಿಯಲ್ಲಿ ಯಾವ ಹಲ್ಲೂ ಬೀಳದೆಯೇ ಒಂದೊಂದು ದವಡೆಹಲ್ಲು ಮೂಡುತ್ತದೆ. ಅದು ಶಾಶ್ವತದ ಹಲ್ಲು. ಹೆಚ್ಚಿನ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ ಹೇಗೂ ಬೀಳುವುದಲ್ಲ ಎಂದು ಬಿಟ್ಟುಬಿಡುತ್ತಾರೆ. ಮುಖ್ಯವಾದ ಮಾತೆಂದರೆ, ಹೊಟ್ಟೆಗೆ ಸಾಲದ ಮಗುವಿನ ಎತ್ತರ ಬೇಗ ಕುಂಠಿತವಾಗುತ್ತದೆ, ತೂಕವಂತೂ ಸರಿಯೇ ಸರಿ. ಹಲ್ಲು ಮಾತ್ರ ಹಸಿವಿಗೆ ಅಷ್ಟಾಗಿ ಮಣಿಯುವುದಿಲ್ಲ. ಒಂದು ವರ್ಷ ಹಿಂದುಮುಂದಾದರೂ ಹೆಚ್ಚುಕಡಿಮೆ ತನ್ನ ಕಾಲಕ್ಕೆ ಬಂದೇ ಬರುತ್ತದೆ.

ಈ ನಂಟನ್ನು ನಮ್ಮ ಪ್ರಾಚೀನರು ಗಮನಿಸಿದ್ದರು. ಮಕ್ಕಳ ವೈದ್ಯಕ್ಕೇ ಮೀಸಲಾದ 'ಕಾಶ್ಯಪ ಸಂಹಿತೆ' ನೇಪಾಳದಲ್ಲಿ ಸಿಕ್ಕ ಹಸ್ತಪ್ರತಿಯಿಂದ 1938ರಲ್ಲಿ ಅಚ್ಚಾಯಿತು. ಅದರಲ್ಲಿ ಹಲ್ಲು ಹುಟ್ಟುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ಎಷ್ಟನೆಯ ತಿಂಗಳಿಗೆ ಹಲ್ಲು ಬಂತೋ ಅಷ್ಟನೆಯ ವರ್ಷಕ್ಕೆ ಅದು ಬಿದ್ದು ಮತ್ತೆ ಹುಟ್ಟುತ್ತದೆ ಎಂಬುದು ಅಲ್ಲಿನ ಲೆಕ್ಕ. ಆರನೆಯ ತಿಂಗಳಿಗೆ ಬಂದದ್ದು ಆರನೆಯ ವರ್ಷಕ್ಕೆ! ಮುಂದಿನ ಹಲ್ಲಿನ ಮಟ್ಟಿಗೆ ಈ ಸೂತ್ರ ಇಂದಿನ ದಂತವೈದ್ಯರ ಪಟ್ಟಿಗೆ ಸಮೀಪವೇ ಇದೆ. ಹೀಗೆ ಎರಡು ಸಲ ಹುಟ್ಟುವುದರಿಂದ ಹಲ್ಲಿಗೂ 'ದ್ವಿಜ' ಎಂಬ ಹೆಸರು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರಾ' ವ್ಯಾಖ್ಯಾನ ಬರೆದನಲ್ಲ, ಆ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸೂತಕಕ್ಕೂ ಹಲ್ಲೇ ಗಡಿ. ಹಲ್ಲು ಮೂಡುವ ಮುಂಚೆ ಮಗು ಸತ್ತರೆ ಸೂತಕ ಆಗಿಂದಾಗಲೇ ಕಳೆಯುತ್ತದೆ; ಚೌಲದವರೆಗೆ ಒಂದು ರಾತ್ರಿ; ಉಪನಯನದವರೆಗೆ ಮೂರು ರಾತ್ರಿ. ಹೆತ್ತವಳ ದುಃಖಕ್ಕೂ ಹಲ್ಲಿನ ಲೆಕ್ಕವೇ ಎಂದು ಇದನ್ನು ಓದಿ ನನಗೆ ಸಿಟ್ಟು ಬಂದದ್ದುಂಟು.

ಶಾಸ್ತ್ರದಿಂದ ಸರ್ಕಾರದ ಕಡತಕ್ಕೆ ಹಲ್ಲು ಬಂದದ್ದು ಇಂಗ್ಲೆಂಡಿನಲ್ಲಿ, ಬಟ್ಟೆ ಗಿರಣಿಗಳ ದೆಸೆಯಿಂದ. ಅಲ್ಲಿ 1833ರ ಕಾಯಿದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಬಾರದೆಂದಿತು. ಒಂಬತ್ತರಿಂದ ಹದಿಮೂರರವರಿಗೆ ದಿನಕ್ಕೆ ಒಂಬತ್ತು ಗಂಟೆ ಎಂದಿತು. ಆದರೆ ಮಗುವಿಗೆ ಒಂಬತ್ತಾಯಿತೆಂದು ಹೇಳುವವರು ಯಾರು? ಸರ್ಕಾರಿ ಜನನ ನೋಂದಣಿ ಅಲ್ಲಿ ಶುರುವಾದದ್ದೇ 1837ರಲ್ಲಿ. ಮಾಲೀಕನಿಗೆ ಅಗ್ಗದ ಕೈ ಬೇಕು, ಅಪ್ಪ ಅವ್ವನಿಗೆ ವಾರದ ಸಂಬಳ ಬೇಕು. ಇಬ್ಬರೂ ಸೇರಿ ವಯಸ್ಸು ಏರಿಸುತ್ತಿದ್ದರು. ವೈದ್ಯರು ಎತ್ತರ ನೋಡಿ ಚೀಟಿ ಬರೆದುಕೊಡುತ್ತಿದ್ದರು. ಆಗ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಸಾವಿರಕ್ಕೂ ಮಿಕ್ಕಿ ಮಕ್ಕಳ ಬಾಯಿ ಪರೀಕ್ಷಿಸಿ, 1837ರಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆಂದೇ ಒಂದು ಕಿರುಹೊತ್ತಗೆ ಬರೆದ. ವಯಸ್ಸು ತಿಳಿಯಲು ಎತ್ತರಕ್ಕಿಂತ ಹಲ್ಲು ವಾಸಿ ಎಂಬುದು ಅವನ ವಾದ. ಪೂರಾ ನಿಖರವಲ್ಲ, ನಿಜ. ಆದರೆ ಯಾರ ಆಸೆಗೂ ಹಲ್ಲು ಒಂದು ತಿಂಗಳು ಬೇಗ ಬರುವುದಿಲ್ಲ.

ನಮ್ಮಲ್ಲಿ 1881ರ ಕಾರ್ಖಾನೆ ಕಾಯಿದೆ ಏಳು ವರ್ಷದವರೆಗೆ ಮಾತ್ರ ತಡೆ ಹಾಕಿತು. ಏಳೆಂದರೆ ಮುಂದಿನ ಹಲ್ಲು ಬಿದ್ದು ಬಾಯಿ ಬೋಳಾಗಿರುವ ಪ್ರಾಯ; ಆ ಪ್ರಾಯಕ್ಕೆ ದಿನಕ್ಕೆ ಒಂಬತ್ತು ಗಂಟೆ ಗಿರಣಿ! 1891ರಲ್ಲಿ ಅದು ಒಂಬತ್ತು ವರ್ಷಕ್ಕೇರಿತು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯುವ ನಿಬಂಧನೆ ತಂದು, ಎಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದೆಂದಿತು. ಆ ಕಾಲಕ್ಕೆ ಅದು ಧೈರ್ಯದ ಹೆಜ್ಜೆ, ವಿರೋಧವೂ ಇತ್ತು. ಆದರೂ ಎಂಟರ ಹುಡುಗಿಯನ್ನು ಕಣ್ಣಮುಂದೆ ತಂದುಕೊಳ್ಳಿ: ಮುಂದಿನ ನಾಲ್ಕು ಹಲ್ಲು ಹೊಸದು, ಮುಖಕ್ಕೆ ಇನ್ನೂ ಒಗ್ಗದಷ್ಟು ದೊಡ್ಡವು, ಕೋರೆ ಇನ್ನೂ ಹಾಲಿನದೇ. ಅವಳು ಕಾನೂನಿನ ಪ್ರಕಾರ ಹಸೆಮಣೆಗೆ ಸಿದ್ಧ.

ಕಾಫಿ ತೋಟಗಳಿಗೆ ಇಂಥ ಗಡಿ ಬಂದದ್ದು ಬಹಳ ತಡ. 1951ರ ಪ್ಲಾಂಟೇಷನ್ ಕಾಯಿದೆ ಹನ್ನೆರಡರೊಳಗಿನವರನ್ನು ಕೆಲಸಕ್ಕೆ ಹಚ್ಚಬಾರದೆಂದಿತು. ಅದಕ್ಕೆ ಮೇಲಿನ ಚಿಕ್ಕವರಿಗೆ ಡಾಕ್ಟರ ಸರ್ಟಿಫಿಕೇಟು, ಜೊತೆಗೊಂದು ಟೋಕನ್ನು. ಹನ್ನೆರಡೆಂದರೆ ಎರಡನೆಯ ದವಡೆಹಲ್ಲು ಮೂಡುವ ವಯಸ್ಸು. ಲೈನಿನ ಮನೆಗಳಲ್ಲಿ ಯಾರೂ ಅದನ್ನು ನೋಡಿ ಕಾಯುತ್ತಿರಲಿಲ್ಲ ಎನ್ನಿ. ಕೂಲಿಗೆ ಸೇರಿಸುವಾಗ ವಯಸ್ಸು ಏರುತ್ತದೆ, ಬಸ್ಸಿನ ಟಿಕೆಟು ಕೊಳ್ಳುವಾಗ ಇಳಿಯುತ್ತದೆ. ಬಡವರ ಗಣಿತವನ್ನು ಹಂಗಿಸುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ.

ಶಾಲೆಯಲ್ಲಿ ಮಾತ್ರ ಮೇಷ್ಟ್ರು ಬೇರೊಂದು ಉಪಾಯ ಹೂಡಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸಬೇಕು. ಮುಟ್ಟಿದರೆ ಒಂದನೆಯ ತರಗತಿ, ಇಲ್ಲವಾದರೆ ಮನೆ. ಇದು ಬರಿಯ ತಮಾಷೆಯಲ್ಲ. ಹುಟ್ಟುವಾಗ ತಲೆಯೇ ಮೈಯ ಉದ್ದದ ಕಾಲು ಭಾಗ. ಆರೇಳು ವರ್ಷಕ್ಕೆ ತಲೆಯ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ, ಕೈಕಾಲು ಮಾತ್ರ ಉದ್ದವಾಗುತ್ತ ಹೋಗುತ್ತವೆ. ಬೆರಳ ತುದಿ ಕಿವಿಗೆ ಸಿಗುವುದು ಸುಮಾರಾಗಿ ಹಾಲುಹಲ್ಲು ಅಲುಗುವ ಹೊತ್ತಿಗೇ. ಮೇಷ್ಟ್ರಿಗೆ ಕಿವಿ, ಅಜ್ಜಿಗೆ ಹಲ್ಲು; ಇಬ್ಬರೂ ಅಳೆಯುತ್ತಿದ್ದದ್ದು ಒಂದನ್ನೇ.

ಕಿವಿ ಮುಟ್ಟಿದ ಮೇಲೆ ರಿಜಿಸ್ಟರಿಗೆ ಒಂದು ತಾರೀಖು ಬೇಕಲ್ಲ. ಮೇಷ್ಟ್ರು ಶಾಲೆ ತೆರೆಯುವ ದಿನದಿಂದ ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹೀಗಾಗಿ ನಮ್ಮ ಪ್ರಾಯದ ಎಷ್ಟೋ ಜನ ಜೂನ್ ಒಂದರಂದೇ ಹುಟ್ಟಿದವರು, ನಾನೂ ಅವರಲ್ಲೊಬ್ಬ. ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ, ಹಳ್ಳಿಯ ಮನೆಗಳಿಗೆ ಅದು ಮುಟ್ಟಿದ್ದು ಇನ್ನೂ ಎಷ್ಟೋ ವರ್ಷಕ್ಕೆ.

ಸೋಜಿಗವೆಂದರೆ 2015ರ ಬಾಲನ್ಯಾಯ ಕಾಯಿದೆಯಲ್ಲಿ, ಆರೋಪಿ ಹುಡುಗನೋ ದೊಡ್ಡವನೋ ಎಂದು ತೀರ್ಮಾನಿಸಲು ಮೊದಲ ಸ್ಥಾನ ಶಾಲೆಯ ದಾಖಲೆಗೆ. ಆಮೇಲೆ ಪಂಚಾಯಿತಿ ಪುರಸಭೆಗಳ ಜನನ ಪ್ರಮಾಣಪತ್ರ. ಇವೆರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ, ವೈದ್ಯರ ಮಾತು. ಹುಡುಗನೊಬ್ಬ ವೀಕ್ಷಣಾಲಯಕ್ಕೆ ಹೋಗಬೇಕೋ ಜೈಲಿಗೋ ಎಂಬುದು ಅಂದಾಜಿನ ಒಂದು ಜೂನ್ ಒಂದರ ಮೇಲೆ ನಿಲ್ಲಬಹುದು. 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲೂ ಜನನ ಪ್ರಮಾಣಪತ್ರವೇ ಆಧಾರ. ಅವರ ಕಿವಿಗೆ ಇನ್ನು ಆ ಕೆಲಸವಿಲ್ಲ.

ಹಾಲುಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅದರ ಹೊರಕವಚದಲ್ಲಿ ಒಂದು ಗೆರೆ ಕಾಣುತ್ತದೆ. ಗರ್ಭದಲ್ಲಿ ಬೆಳೆದ ಭಾಗಕ್ಕೂ ಹುಟ್ಟಿದ ಮೇಲೆ ಬೆಳೆದ ಭಾಗಕ್ಕೂ ನಡುವಿನ ಗುರುತು ಅದು. ಮಗು ಭೂಮಿಗೆ ಬಿದ್ದಾಗ ಮೈಗೆ ತಗುಲಿದ ಪೆಟ್ಟು ಹಲ್ಲಿನಲ್ಲಿ ಹಾಗೆ ಉಳಿದಿರುತ್ತದೆ. ಇಸವಿ ತಾರೀಖು ಅದರಲ್ಲಿಲ್ಲ, ನಿಜ. ಆದರೆ ನಮ್ಮಲ್ಲಿ ಎಷ್ಟೋ ಮಂದಿಯ ಹುಟ್ಟಿಗೆ ಇದ್ದ ದಾಖಲೆ ಅದೊಂದೇ, ಅದನ್ನೂ ಸಗಣಿ ಮೆತ್ತಿ ಮಾಡಿನ ಮೇಲೆ ಎಸೆದಾಯಿತು.